ಬಡಿಸುವ ಕೈ ಯಾರದು?

ಕೇಳುಗರಿಗೆ ನಮಸ್ಕಾರ.

ಆದಿ ಕ್ರೈಸ್ತ ಸಭೆಯೊಳಗೆ ಎದ್ದ ಜಗಳಗಳಲ್ಲಿ ಒಂದು ಊಟದ ಬಗ್ಗೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ಅದು ಬರುತ್ತದೆ. ಜೆರುಸಲೇಮಿನ ಸಭೆಯಲ್ಲಿ ಎರಡು ಗುಂಪುಗಳಿದ್ದವು. ನಾಡಭಾಷೆ ಆಡುವ ಯೆಹೂದ್ಯರು ಒಂದು ಕಡೆ, ಗ್ರೀಕ್ ಆಡುವ ಯೆಹೂದ್ಯರು ಇನ್ನೊಂದು ಕಡೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಆಡುವವರ ವಿಧವೆಯರು ಬಿಟ್ಟುಹೋಗುತ್ತಿದ್ದರು. ಯಾರೋ ಬೇಕೆಂದೇ ಬಿಟ್ಟರು ಎಂದು ಅಲ್ಲಿ ಬರೆದಿಲ್ಲ. ಅನ್ಯಾಯಕ್ಕೆ ದುರುದ್ದೇಶವೇ ಬೇಕಾಗಿಲ್ಲ; ಬಡಿಸುವವನಿಗೆ ತನ್ನ ಪರಿಚಯದ ಮುಖಗಳಷ್ಟೇ ಕಂಡರೂ ಸಾಕು.

ಸಭೆಯನ್ನು ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಅಂದರೆ ಅಪೊಸ್ತಲರು, "ನಾವೆಲ್ಲ ಒಂದೇ ಮನೆಯವರು, ಸ್ವಲ್ಪ ಹೊಂದಿಕೊಳ್ಳಿ" ಎಂದು ಸಮಾಧಾನ ಹೇಳಿ ಕಳಿಸಲಿಲ್ಲ. ಇಡೀ ಸಭೆಯನ್ನು ಕರೆದರು. ಹಂಚುವ ಕೆಲಸಕ್ಕೆ ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿದ ಹೆಸರುಗಳನ್ನು ಕೇಳಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ. ಹೆಸರೊಂದರಿಂದ ಮೂಲ ಖಚಿತವಾಗದು, ನಿಜ. ಆದರೂ ಏಳಕ್ಕೆ ಏಳೂ ಹಾಗಿರುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ನಿಕೊಲಾಯನಂತೂ ಹುಟ್ಟು ಯೆಹೂದ್ಯನೂ ಅಲ್ಲ, ಅಂತಿಯೋಕ್ಯದಿಂದ ಬಂದು ಆ ಮತಕ್ಕೆ ಸೇರಿಕೊಂಡವನು. ದೂರು ಹೇಳಿದವರ ಕಡೆಗೇ ಸೌಟು ಹೋಯಿತು.

ಇಂದಿನ ಸಭೆಗಳಲ್ಲಿ ಸ್ವಾಗತಕ್ಕೆ ಕೊರತೆಯಿಲ್ಲ. ಬಾಗಿಲಲ್ಲಿ ಕೈಕುಲುಕುತ್ತಾರೆ, ಹೊಸಬರ ಹೆಸರು ಕೇಳುತ್ತಾರೆ. ಐದು ವರ್ಷ ಕಳೆದರೂ ಆ ಹೊಸಬರಲ್ಲಿ ಒಬ್ಬರೂ ಸಮಿತಿಯಲ್ಲಿಲ್ಲ ಎಂದರೆ ಅವರು ಇನ್ನೂ ಅತಿಥಿಗಳೇ.

ಸಹಾಯನಿಧಿಯನ್ನೇ ನೋಡೋಣ. ಸಾಮಾನ್ಯವಾಗಿ ಹೆಚ್ಚು ಕಾಣಿಕೆ ಕೊಡುವವರೇ ಹಂಚುವ ಸಮಿತಿಯಲ್ಲಿ ಕೂರುತ್ತಾರೆ. ಕೇಳಲು ಬಂದವರು ತಮ್ಮ ಕಷ್ಟವನ್ನು ಸಭಾಪಾಲಕರಿಗೊಮ್ಮೆ, ಖಜಾಂಚಿಗೊಮ್ಮೆ, ಸಮಿತಿಯ ಮುಂದೆ ಇನ್ನೊಮ್ಮೆ ಹೇಳಬೇಕು. ಅಷ್ಟರಲ್ಲಿ ವಿಷಯ ಎಲ್ಲರ ಬಾಯಲ್ಲಿ. ಮುಂದಿನ ಸಲ ಅವರು ಕೇಳುವುದಿಲ್ಲ, ಆರಾಧನೆಗೆ ಬರುವುದನ್ನೂ ಬಿಡುತ್ತಾರೆ. ಮೂರು ಜನರ ಸಮಿತಿ ಸಾಕು. ಅವರಲ್ಲಿ ಒಬ್ಬರಾದರೂ ಹಿಂದೆ ಸಹಾಯ ಪಡೆದವರಾಗಿರಲಿ. ಅರ್ಜಿದಾರರು ಒಬ್ಬರ ಬಳಿ ಒಮ್ಮೆ ಹೇಳಿದರೆ ಸಾಕು ಎನ್ನುವ ಹಾಗಿರಲಿ. ತುರ್ತಿಗೆ ಎರಡು ದಿನದೊಳಗೆ, ಉಳಿದದ್ದಕ್ಕೆ ಎರಡು ವಾರದೊಳಗೆ ಉತ್ತರ ಕೊಡಬೇಕು, ಇಲ್ಲ ಎನ್ನುವುದಾದರೂ ಕಾರಣ ಹೇಳಬೇಕು. ವರದಿಯಲ್ಲಿ ಮೊತ್ತ ಬರಲಿ, ಹೆಸರು ಬೇಡ, ಫೋಟೋ ಬೇಡವೇ ಬೇಡ. ಸಹಾಯ ಪಡೆದವರನ್ನು ವೇದಿಕೆಗೆ ಹತ್ತಿಸಿ ಸಾಕ್ಷಿ ಹೇಳಿಸುವುದಂತೂ ಸಾಲ ವಸೂಲಿಗೆ ಸಮ.

ಹಣ ಎಣಿಸುವ ವಿಷಯದಲ್ಲಿ, ಆದಿ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನಿಗಿಂತ ಎಚ್ಚರದ ಮನುಷ್ಯ ಸಿಗುವುದು ಕಷ್ಟ. ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಅವನು ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ನೇಮಿಸಿದ ಜನ ಜೊತೆಗಿರಬೇಕೆಂದ. ಯಾರೂ ತಪ್ಪು ಹೊರಿಸಬಾರದು ಎಂಬ ಕಾರಣವನ್ನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೇ ಅಧ್ಯಾಯದಲ್ಲಿ ಬಿಚ್ಚಿ ಹೇಳಿದ. ಹಾಗಾಗಿ ಕಾಣಿಕೆಯನ್ನು ಸಂಬಂಧಿಕರಲ್ಲದ ಇಬ್ಬರು, ಆರಾಧನೆ ಮುಗಿದ ಕೂಡಲೇ, ಅಲ್ಲೇ ಎಣಿಸಿ ಸಹಿ ಹಾಕಲಿ. ಪೂರ್ತಿ ಮೊತ್ತ ಬ್ಯಾಂಕಿಗೆ ಹೋಗಲಿ. ಎಡವಟ್ಟು ಶುರುವಾಗುವುದು ಸಾಮಾನ್ಯವಾಗಿ ಸಣ್ಣ ಖರ್ಚಿನಿಂದ: ಬಲ್ಬಿಗೆಂದು, ಹೂವಿಗೆಂದು ತಟ್ಟೆಯಿಂದಲೇ ತೆಗೆದುಕೊಟ್ಟು, ಆಮೇಲೆ ಬರೆದುಕೊಳ್ಳೋಣ ಎನ್ನುವಲ್ಲಿ.

ಕೊರಿಂಥದವರಿಗೆ ಪೌಲ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೇ ಅಧ್ಯಾಯದ ಸಿಟ್ಟಿಗೆ ಕಾರಣ ಸಮಯ ಮತ್ತು ಜಾಗ. ಕರ್ತನ ಭೋಜನಕ್ಕೆ ಸೇರಿದಾಗ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಅಮಲೇರಿರುತ್ತಾನೆ ಎನ್ನುತ್ತಾನೆ. ಆಗ ಭಾನುವಾರ ರಜಾದಿನವಲ್ಲ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನ ಮಾಡಿದ್ದು 321ರಲ್ಲಿ. ದಾಸರೂ ಕೂಲಿಯವರೂ ಕೆಲಸ ಮುಗಿಸಿಯೇ ಬರಬೇಕಿತ್ತು. ಶ್ರೀಮಂತರ ಮನೆಯ ಊಟದ ಕೋಣೆಯಲ್ಲಿ ಒರಗಿಕೊಂಡು ಉಣ್ಣಲು ಮೂರು ಮಂಚ, ಸಾಮಾನ್ಯವಾಗಿ ಒಂಬತ್ತು ಜನಕ್ಕೆ ಜಾಗ. ಮೊದಲು ಬಂದವರು ಒಳಗೆ, ತಡವಾಗಿ ಬಂದವರು ಅಂಗಳದಲ್ಲಿ ಎಂದು ಊಹಿಸಿದರೆ ತಪ್ಪಾಗದು. ಪೌಲನ ಪರಿಹಾರದಲ್ಲಿ ದೊಡ್ಡ ಸಿದ್ಧಾಂತವೇನಿಲ್ಲ: ಒಬ್ಬರಿಗೊಬ್ಬರು ಕಾಯಿರಿ. ಪಾಳಿ ಕೆಲಸದವರಿಗೆ ಬರಲಾಗದ ವೇಳೆಯಲ್ಲೇ ಎಲ್ಲ ಕೂಟಗಳನ್ನೂ ಇಟ್ಟು, ಅವರಿಗೆ ಆಸಕ್ತಿಯಿಲ್ಲ ಎನ್ನುವ ಹಿರಿಯರು ಇದನ್ನು ಮತ್ತೊಮ್ಮೆ ಓದಬೇಕು.

ಯಾಕೋಬನ ಪತ್ರಿಕೆ ಆಸನದ ಬಗ್ಗೆ ನೇರವಾಗಿಯೇ ಬೈಯುತ್ತದೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ್ಮಣೆಯ ಬಳಿ. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಬ್ರಿಟನ್, ಅಮೆರಿಕಗಳ ಎಷ್ಟೋ ಚರ್ಚುಗಳು ಬೆಂಚುಗಳನ್ನು ಬಾಡಿಗೆಗೆ ಕೊಟ್ಟವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ಕಪ್ಪು ಜನರನ್ನು ಎಬ್ಬಿಸಿದ್ದರಿಂದ ಕಪ್ಪು ಬೋಧಕ ರಿಚರ್ಡ್ ಅಲೆನ್ ಮತ್ತು ಸಂಗಡಿಗರು ಹೊರನಡೆದರು. 1816ರಲ್ಲಿ ಅಲೆನ್ ನೇತೃತ್ವದಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು ಪ್ರತ್ಯೇಕ ಸಂಘಟನೆಯಾಯಿತು.

ಇಂದು ಅದೇ ಮಾತು ಗಾಲಿಕುರ್ಚಿಯವರಿಗೆ ಅನ್ವಯಿಸುತ್ತದೆ. ಇಳಿಜಾರಿನ ಅಳತೆ ಒಂದಕ್ಕೆ ಹನ್ನೆರಡು: 15 ಸೆಂಟಿಮೀಟರ್ ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದ. ಜಾಗವಿಲ್ಲವೆಂದು ಅರ್ಧ ಉದ್ದಕ್ಕೆ ಕಟ್ಟಿದರೆ ತಾವಾಗಿ ಹತ್ತಲಾಗದು, ಇಳಿಯುವಾಗ ಮುಗ್ಗರಿಸುವ ಭಯ. ಹಿಂಬಾಗಿಲಿಗೆ ಕಟ್ಟುವುದು ಇನ್ನೊಂದು ತಪ್ಪು. ಒಳಗೆ ಬಂದ ಮೇಲೆ ಕುರ್ಚಿಯನ್ನು ನಡುದಾರಿಯಲ್ಲೋ ಕೊನೆಯ ಗೋಡೆಯ ಪಕ್ಕದಲ್ಲೋ ನಿಲ್ಲಿಸುತ್ತಾರೆ. ನಡುವಿನ ಒಂದು ಬೆಂಚನ್ನು 90 ಸೆಂಟಿಮೀಟರಿನಷ್ಟು ಕತ್ತರಿಸಿದರೆ ಅವರು ಮನೆಯವರ ಪಕ್ಕದಲ್ಲೇ ಕೂರಬಹುದು. ಒಬ್ಬ ಬಡಗಿಗೆ ಒಂದು ದಿನದ ಕೆಲಸವೂ ಅಲ್ಲ. ಆದರೆ ಕತ್ತರಿಸುವ ಮುನ್ನ ಕುರ್ಚಿಯಲ್ಲಿ ಬರುವವರನ್ನೇ ಕೇಳಿ, ಯಾವ ಸಾಲು ಬೇಕೆಂದು.

ಇನ್ನು ಸಭೆಯ ಸ್ವಂತ ಕೆಲಸಗಾರರು. ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡು ಎನ್ನುತ್ತದೆ ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೇ ಅಧ್ಯಾಯ. ಲೋಕದ ಅನ್ಯಾಯದ ಬಗ್ಗೆ ಪ್ರಸಂಗ ಮಾಡುವ ಮುನ್ನ ಸಮಿತಿಯವರು ಕಸ ಗುಡಿಸುವವರ, ಕಾವಲುಗಾರರ ಸಂಬಳದ ಪುಸ್ತಕ ತೆರೆಯಲಿ. ಕನಿಷ್ಠ ವೇತನ ಸಿಗುತ್ತಿದೆಯೇ, ವಾರದ ರಜೆ ಇದೆಯೇ, ಹಬ್ಬದ ದಿನದ ಹೆಚ್ಚುವರಿ ಗಂಟೆಗಳನ್ನು ಬರೆದಿದ್ದಾರೆಯೇ? "ಅವರು ಸೇವೆಯೆಂದು ಮಾಡುತ್ತಾರೆ" ಎಂಬ ಉತ್ತರ ಬಂದರೆ, ಆ ಮಾತನ್ನು ಹೇಳಿದ್ದು ಕೆಲಸಗಾರರೋ ಖಜಾಂಚಿಯೋ ಎಂದು ಕೇಳಿ.

ನಮಸ್ಕಾರ.