ಅತಿಥಿಯ ತಟ್ಟೆ, ಊರಿನ ಗದ್ದೆ

ಕೇಳುಗರಿಗೆ ನಮಸ್ಕಾರ. ತೋಟದ ಮನೆಯಲ್ಲಿ ಎರಡು ಕೋಣೆ ಖಾಲಿ ಇದೆ, ಹೋಂಸ್ಟೇ ಮಾಡೋಣವೇ ಎಂದು ಯೋಚಿಸುತ್ತಿರುವ ಕೊಡಗಿನ ಬೆಳೆಗಾರ ಬಂಧುಗಳೇ, ಇವತ್ತಿನ ಮಾತು ನಿಮಗೆ. ಕಾಫಿಯ ದುಡ್ಡು ವರ್ಷಕ್ಕೊಮ್ಮೆ, ಅತಿಥಿಯ ದುಡ್ಡು ವಾರವಾರ. ಆದರೆ ಅದು ನಿಮ್ಮ ಗೇಟಿನೊಳಗೇ ನಿಂತರೆ ಊರಿಗೇನು ಬಂತು? ನಾನು ಹೇಳುವುದು ಒಂದೇ. ಅತಿಥಿಯ ತಟ್ಟೆಗೆ ಬೀಳುವುದು ನಿಮ್ಮ ಊರಿನದ್ದಾಗಿರಲಿ.

ಒಂದು ಆಗಸ್ಟ್ ತಿಂಗಳು. ಜಡಿಮಳೆ. ಬೆಂಗಳೂರಿನಿಂದ ಒಂದು ಸಂಸಾರ ನಮ್ಮಲ್ಲಿಗೆ ಬಂತು. ಕಾರಿನಿಂದ ಇಳಿದವರೇ ಕೇಳಿದ್ದು ಪನೀರ್ ಬಟರ್ ಮಸಾಲ. ಮರುದಿನ 3ನೇ ತಾರೀಖು, ನಮ್ಮ ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ. ಪಕ್ಕದ ಮನೆ ದೊಡ್ಡಮ್ಮ ಮದ್ದು ಸೊಪ್ಪು ಕೊಯ್ದು ಕುದಿಸಿ, ಆ ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿತುರಿ ಹಾಕಿ ಪಾಯಸ ತಂದರು. ಮಕ್ಕಳು ಬಣ್ಣಕ್ಕೇ ಮರುಳಾಗಿ ಎರಡೆರಡು ಸಲ ಹಾಕಿಸಿಕೊಂಡರು. ಸಂಜೆ ಆ ತಾಯಿ ಅಳುತ್ತಾ ಓಡಿಬಂದರು. "ಅಕ್ಕಾ, ಮಗು ಕೆಂಪಗೆ ಮೂತ್ರ ಮಾಡ್ತಿದೆ, ಆಸ್ಪತ್ರೆ ಎಲ್ಲಿ?" ಮೊದಲೇ ಹೇಳದಿದ್ದದ್ದು ನನ್ನ ತಪ್ಪು, ನೀವು ಹಾಗೆ ಮಾಡಬೇಡಿ. ದೊಡ್ಡಮ್ಮ ಅವರ ಕೈ ಹಿಡಿದು ಒಲೆ ಹತ್ತಿರ ಕೂರಿಸಿದರು. "ಹೆದರಬೇಡ ಮಗಳೇ, ಇವತ್ತು ಈ ಊರಲ್ಲಿ ಎಲ್ಲರದ್ದೂ ಹಾಗೇ. ಮದ್ದು ಮೈಗೆ ಹಿಡಿದಿದೆ." ಆ ಸೊಪ್ಪಿನಲ್ಲಿ ಈ ದಿನ 18 ಬಗೆಯ ಮದ್ದು ಸೇರಿರುತ್ತದೆಂಬ ನಂಬಿಕೆ, ನಾಟಿಯ ದಿನಗಳಲ್ಲಿ ಕೆಸರಲ್ಲಿ ನಿಂತ ಮೈಗೆ ಅದು ಯಾಕೆ ಬೇಕು, ಎಲ್ಲ ಹೇಳಿದರು. ಪನೀರಿನ ಮಾತು ಮತ್ತೆ ಬರಲಿಲ್ಲ. ಹೊರಡುವಾಗ ದೊಡ್ಡಮ್ಮನ ಕೈಯಿಂದಲೇ ಅಡುಗೆಯ ಹುಳಿಗೆ ಹಾಕುವ ಕಾಚಂಪುಳಿ, ಜೇನು, ಒಳ್ಳೆಮೆಣಸು ಕೊಂಡರು. ಈಗಲೂ ಅವರು ಫೋನ್ ಮಾಡುವುದು ನನಗಲ್ಲ, ದೊಡ್ಡಮ್ಮನಿಗೆ. ನನಗೆ ಬೇಕಿದ್ದುದೂ ಅದೇ!

ಗದ್ದೆ ಪಾಳು ಬಿತ್ತು ಎಂದು ನಾವು ಕೊರಗುತ್ತೇವೆ. ಆದರೆ ಅತಿಥಿಗೆ ಕಡಂಬುಟ್ಟು ಎಂಬ ಉಂಡೆ ಮಾಡಲು ಅಕ್ಕಿತರಿಯ ಪೊಟ್ಟಣ ಪೇಟೆಯಿಂದ ತರುತ್ತೇವೆ. ಯಾಕೆ? ಪಕ್ಕದವರ ಗದ್ದೆಯ ಭತ್ತ ಕೊಳ್ಳಿ. ಶಾವಿಗೆಯಂಥ ನೂಪುಟ್ಟಿಗೂ ಅದೇ ಅಕ್ಕಿ, ರೊಟ್ಟಿಗೂ ಅದೇ. ಗದ್ದೆಯಲ್ಲಿ ನೀರು ನಿಂತರೆ ನಿಮ್ಮ ಬಾವಿಗೂ ಕಾವೇರಿಗೂ ಒಳ್ಳೆಯದು. ಮತ್ತೆ ಹೇಳುತ್ತೇನೆ, ತಟ್ಟೆಗೆ ಬೀಳುವುದು ಊರಿನದ್ದಾಗಿರಲಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಹೊಸ ಕೋಣೆಗಾಗಿ ಗುಡ್ಡ ಕಡಿಯಬೇಡಿ, ಗುಡ್ಡಗಳು ಕುಸಿದ 2018ರ ಆಗಸ್ಟ್ ಯಾರಿಗೆ ಮರೆತಿದೆ? ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರು ನೋಡುವ ವಸ್ತುವಲ್ಲ, ಫೋಟೋ ತೆಗೆಯಲು ಅಲ್ಲಿಗೆ ಯಾರನ್ನೂ ಕರೆದೊಯ್ಯಬೇಡಿ. ದೇವರಕಾಡಿಗೆ ಬಾಟಲಿ ಹೋಗಬಾರದು. ಕೆಲಸಕ್ಕೆ ಊರಿನ ಹುಡುಗ ಹುಡುಗಿಯರನ್ನೇ ಕರೆಯಿರಿ, ಮಳೆಗಾಲದಲ್ಲಿ ಅತಿಥಿ ಬಾರದಿದ್ದರೂ ಸಂಬಳ ನಿಲ್ಲಿಸಬೇಡಿ.

ಇವತ್ತೇ ನಿಮ್ಮ ಅಡುಗೆಮನೆಯ ಸಾಮಾನಿನ ಚೀಟಿ ತೆಗೆದು ನೋಡಿ. ಅದರಲ್ಲಿ ಯಾವ್ಯಾವುದು ಪಕ್ಕದ ಮನೆಯಲ್ಲೇ ಸಿಗುತ್ತದೋ ಗುರುತು ಹಾಕಿ, ನಾಳೆ ಅಲ್ಲಿಗೆ ಹೋಗಿ ಕೇಳಿ. ನಮಸ್ಕಾರ.