ಹತ್ತೇ ದಿನ! ಮೈ ಫೇರ್ ಲೇಡಿ ಕೇಳುವುದಾದರೆ 1956ರ ರೆಕಾರ್ಡ್ ಕೇಳಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಈ ವಾರ ಬೇರೆ ವಿಷಯ ಮಾತಾಡಬೇಕು ಅಂದುಕೊಂಡಿದ್ದೆ. ಬರೆದೂ ಇಟ್ಟಿದ್ದೆ. ಆದರೆ ಹೋದ ಸಂಚಿಕೆಯ ಕೆಳಗೆ ಒಬ್ಬರು ಹಾಕಿದ ಕಾಮೆಂಟ್ ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಓದುತ್ತೇನೆ, ಕೇಳಿ. "ಮೈ ಫೇರ್ ಲೇಡಿ ಹಾಡು ಬೇಕು ಅಂದರೆ ಸಿನಿಮಾ ಆಲ್ಬಂ ಇದೆಯಲ್ಲ. ಸ್ಟೀರಿಯೋ, ಸ್ಪಷ್ಟವಾಗಿ ಕೇಳಿಸುತ್ತದೆ. ಆ ಹಳೇ ಮೋನೋ ರೆಕಾರ್ಡಿನ ಹುಚ್ಚು ನಿಮಗ್ಯಾಕೆ?"

ಮೋನೋ ಅಂದರೆ ಒಂದೇ ಕಡೆಯಿಂದ ಬರುವ ದನಿ, ಸ್ಟೀರಿಯೋ ಅಂದರೆ ಎರಡು ಕಡೆಯಿಂದ. ಹುಚ್ಚು ಯಾಕೆ ಅಂತ ಒಂದೇ ಮಾತಿನಲ್ಲಿ ಹೇಳುತ್ತೇನೆ. ಹತ್ತು ದಿನ.

ಮೈ ಫೇರ್ ಲೇಡಿ ಇಂಗ್ಲಿಷಿನ ಒಂದು ಸಂಗೀತ ನಾಟಕ. ಲಂಡನ್ನಿನಲ್ಲಿ ಹೂ ಮಾರುವ ಎಲೈಜಾ ಅನ್ನುವ ಹುಡುಗಿಗೆ ಪ್ರೊಫೆಸರ್ ಹಿಗಿನ್ಸ್ ಶಿಷ್ಟ ಇಂಗ್ಲಿಷ್ ಕಲಿಸುವ ಕಥೆ. ನಾಟಕ ನ್ಯೂಯಾರ್ಕಿನ ಮಾರ್ಕ್ ಹೆಲಿಂಜರ್ ಥಿಯೇಟರಿನಲ್ಲಿ ಶುರುವಾಗಿದ್ದು 1956ರ ಮಾರ್ಚ್ 15ಕ್ಕೆ. ರೆಕಾರ್ಡ್ ಮಾಡಿದ್ದು ಮಾರ್ಚ್ 25ಕ್ಕೆ, ಒಂದು ಭಾನುವಾರ. ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ನಟರಿಗೆ ಆಗ ಭಾನುವಾರ ರಜೆ. ಶನಿವಾರ ರಾತ್ರಿ ಬಣ್ಣ ಒರೆಸಿಕೊಂಡವರು ಬೆಳಗಾದರೆ ಮೈಕಿನ ಮುಂದೆ ನಿಂತಿದ್ದಾರೆ. ಬಾಯಲ್ಲಿ ಇನ್ನೂ ಅದೇ ಹಾಡು, ಮೈಯಲ್ಲಿ ಇನ್ನೂ ಅದೇ ಬಿಸಿ. ಎಲೆಗೆ ಬಿದ್ದ ಅನ್ನದ ಹಬೆ ಇನ್ನೂ ಆರಿಲ್ಲ, ಆಗ ಹಿಡಿದಿಟ್ಟ ದನಿ ಅದು. ಏಪ್ರಿಲ್ 2ಕ್ಕೆಲ್ಲ ರೆಕಾರ್ಡ್ ಹೊರಗೆ ಬಂತು!

ಆ ಜಾಗದ ಬಗ್ಗೆ ಸ್ವಲ್ಪ ಹೇಳಲೇಬೇಕು. ಮ್ಯಾನ್‌ಹಟನ್ನಿನ 30ನೇ ಬೀದಿಯಲ್ಲಿ ಒಂದು ಹಳೇ ಚರ್ಚ್ ಇತ್ತು. ಕೊಲಂಬಿಯಾ ರೆಕಾರ್ಡ್ಸ್ ಅದನ್ನು ಸ್ಟುಡಿಯೋ ಮಾಡಿಕೊಂಡಿತ್ತು. ಎತ್ತರದ ಚಾವಣಿ, ಮರದ ನೆಲ. ದನಿ ಮೇಲೆ ಹೋಗಿ, ಸುತ್ತಿ, ಮೆತ್ತಗೆ ಇಳಿದು ಬರುತ್ತಿತ್ತು. ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನುಡಿಸಿದ್ದು ಅಲ್ಲಿ. ಜಾಝ್ ಸಂಗೀತದ ಮೈಲ್ಸ್ ಡೇವಿಸ್ 1959ರಲ್ಲಿ ಕೈಂಡ್ ಆಫ್ ಬ್ಲೂ ಆಲ್ಬಂ ನುಡಿಸಿದ್ದೂ ಅಲ್ಲೇ. ಈಗ ಆ ಕಟ್ಟಡವೇ ಇಲ್ಲ, ಕೆಡವಿಬಿಟ್ಟರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.

ರೆಕಾರ್ಡ್ ಮಾಡಿಸಿದವರು ಕೊಲಂಬಿಯಾದ ಗೊಡಾರ್ಡ್ ಲೀಬರ್ಸನ್. ಈ ಹೆಸರು ನೆನಪಿಟ್ಟುಕೊಳ್ಳಿ. ನಾಟಕಕ್ಕೆ ಬೇಕಾದ ಸುಮಾರು 4 ಲಕ್ಷ ಡಾಲರನ್ನು ಕೊಲಂಬಿಯಾದ ಒಡೆಯರಾದ ಸಿಬಿಎಸ್ ಕಂಪನಿಯಿಂದಲೇ ಹಾಕಿಸಿದವರು ಇವರು. ಅಂದರೆ ರೆಕಾರ್ಡ್ ಕಂಪನಿಯ ಮನೆಯ ದುಡ್ಡಿನಲ್ಲಿ ನಾಟಕ ನಿಂತಿತು. ಅದು 2,717 ಪ್ರದರ್ಶನ ಕಂಡಿತು. ರೆಕಾರ್ಡ್ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ 480 ವಾರ ಇತ್ತು. ಒಂಬತ್ತು ವರ್ಷಕ್ಕೂ ಜಾಸ್ತಿ ಆಯಿತಲ್ವಾ? ಅದರಲ್ಲಿ 15 ವಾರ ಮೊದಲನೇ ಸ್ಥಾನ. ಅಷ್ಟು ಜನ ಕೊಂಡುಕೊಂಡಿದ್ದು ಈ "ಹಳೇ ಮೋನೋ ರೆಕಾರ್ಡ್".

ಒಬ್ಬರು ಆಗಲೇ ಬರೆದಿದ್ದಾರೆ, "ಅದು ಸ್ಟುಡಿಯೋ ರೆಕಾರ್ಡಿಂಗ್, ನಾಟಕ ಅಲ್ಲ" ಅಂತ. ಗೊತ್ತು ಸ್ವಾಮಿ. ಚಪ್ಪಾಳೆ ಇಲ್ಲ, ನಗು ಇಲ್ಲ. ನಮ್ಮ ಕಂಪನಿ ನಾಟಕದಲ್ಲಿ ಜನ "ಒನ್ಸ್ ಮೋರ್" ಅಂತ ಕೂಗಿದರೆ ನಟ ಸತ್ತು ಬಿದ್ದಿದ್ದರೂ ಎದ್ದು ಇನ್ನೊಮ್ಮೆ ಹಾಡುತ್ತಿದ್ದ ಅಂತ ಹಿರಿಯರು ಹೇಳುತ್ತಾರಲ್ಲ, ಅದೆಲ್ಲ ಇದರಲ್ಲಿ ಇಲ್ಲ. ಹೆಚ್ಚುಕಡಿಮೆ ಮೂರು ಗಂಟೆಯ ನಾಟಕವನ್ನು ಒಂದು ರೆಕಾರ್ಡಿನ ಎರಡು ಬದಿಗೆ ಇಳಿಸಿದ್ದಾರೆ. ಆದರೂ ಕೇಳುವಾಗ ಕಣ್ಣ ಮುಂದೆ ರಂಗ ಕಟ್ಟಿಕೊಳ್ಳುತ್ತದೆ. ಯಾಕೆ? ಹತ್ತು ದಿನ! ಆ ಮಾತನ್ನು ಹತ್ತು ದಿನದಿಂದ ನಿಜವಾದ ಜನರ ಮುಂದೆ ಆಡುತ್ತಿದ್ದವರು ಹಾಡುತ್ತಿದ್ದಾರೆ. ಎಲ್ಲಿ ಜನ ನಗುತ್ತಾರೆ, ಎಲ್ಲಿ ಉಸಿರು ಹಿಡಿಯುತ್ತಾರೆ ಅಂತ ಅವರ ಮೈಗೇ ಗೊತ್ತು.

ಈಗ ರೆಕ್ಸ್ ಹ್ಯಾರಿಸನ್ ವಿಷಯ. ಪ್ರೊಫೆಸರ್ ಹಿಗಿನ್ಸ್ ಪಾತ್ರ. ಅವರು ಹಾಡುಗಾರರೇ ಅಲ್ಲ. ಮಾತನ್ನೇ ಲಯಕ್ಕೆ ಕೂರಿಸಿ ಹೇಳುತ್ತಾರೆ. ಫೆಬ್ರವರಿಯಲ್ಲಿ ನ್ಯೂ ಹೇವನ್ ಊರಿನಲ್ಲಿ ಮೊದಲ ಪ್ರಯೋಗ. ಹೊರಗೆ ಹಿಮ ಸುರಿಯುತ್ತಿದೆ. ಪೂರ್ತಿ ವಾದ್ಯಗೋಷ್ಠಿಯ ಜೊತೆ ಹಾಡಬೇಕು ಅಂದಾಗ ಅವರಿಗೆ ಎಷ್ಟು ಹೆದರಿಕೆ ಆಯಿತು ಅಂದರೆ, "ಇವತ್ತು ರಂಗಕ್ಕೆ ಹೋಗಲ್ಲ" ಅಂತ ಕೂತುಬಿಟ್ಟರು. ಆಮೇಲೆ ಹೇಗೋ ಹೋದರು, ಗೆದ್ದರು. ಅದಾಗಿ ಎರಡು ತಿಂಗಳೂ ಆಗಿಲ್ಲ, ಈ ರೆಕಾರ್ಡಿಂಗ್. ಕೊನೆಯ ಹಾಡು ಕೇಳಿ, ಎಲೈಜಾಳ ಮುಖ ತನಗೆ ಅಭ್ಯಾಸವಾಗಿಬಿಟ್ಟಿದೆ ಅನ್ನುವ ಹಾಡು. ಪ್ರತಿ ಪದವನ್ನೂ ಅಂಚಿನ ಮೇಲೆ ನಡೆಯುವವರ ಹಾಗೆ ಇಡುತ್ತಾರೆ. ಆ ಎಚ್ಚರ, ಆ ಸಣ್ಣ ಹೆದರಿಕೆ ಹಿಗಿನ್ಸ್‌ನದೂ ಹೌದು. ಸೋತಿದ್ದೇನೆ ಅಂತ ಒಪ್ಪಿಕೊಳ್ಳಲು ಬಾರದ ಗಂಡಸಿನ ಹೆದರಿಕೆ ಅದು.

ಜೂಲಿ ಆಂಡ್ರೂಸ್‌ಗೆ ಆಗ 20 ವರ್ಷ. ತಾಲೀಮಿನಲ್ಲಿ ಪಾತ್ರ ಕೈಗೇ ಸಿಗುತ್ತಿರಲಿಲ್ಲ. ನಿರ್ದೇಶಕ ಮಾಸ್ ಹಾರ್ಟ್ ಒಂದು ವಾರಾಂತ್ಯ ಉಳಿದವರನ್ನೆಲ್ಲ ಕಳಿಸಿ, ಇವರೊಬ್ಬರನ್ನೇ ನಿಲ್ಲಿಸಿಕೊಂಡು ಸಾಲು ಸಾಲಾಗಿ ತಿದ್ದಿದರು. ಹೂ ಮಾರುವ ಎಲೈಜಾ ಆಗ ಹುಟ್ಟಿದಳು.

ನಮ್ಮಜ್ಜಿ ಮಂಡ್ಯದ ಕಡೆಯವರು. ಹಾಲು ಅನ್ನುತ್ತಿರಲಿಲ್ಲ, ಆಲು ಅನ್ನುತ್ತಿದ್ದರು. ಹಸು ಅಲ್ಲ, ಅಸ. ಲಂಡನ್ನಿನ ಕಾಕ್ನಿ ಜನ, ಅಂದರೆ ಅಲ್ಲಿನ ದುಡಿಯುವ ಜನರದ್ದೂ ಇದೇ ಕಥೆ, ಬಾಯಲ್ಲಿ "ಹ" ನಿಲ್ಲುವುದಿಲ್ಲ. "ಜಸ್ಟ್ ಯು ವೇಟ್" ಹಾಡಿನಲ್ಲಿ ಎಲೈಜಾ ಸಿಟ್ಟಿನಿಂದ "ಎನ್ರಿ ಇಗಿನ್ಸ್" ಅಂತ ಕೂಗುವಾಗ ನನಗೆ ಅಜ್ಜಿಯೇ ಬೈದ ಹಾಗೆ ಕೇಳಿಸುತ್ತದೆ. ಆಮೇಲೆ ರೆಕಾರ್ಡ್ ತಿರುಗಿಸಿ ಹಾಕಿ. ಎರಡನೇ ಬದಿಯ ಕೊನೆಯ ಹತ್ತಿರ "ವಿದೌಟ್ ಯು" ಬರುತ್ತದೆ. ಅದರಲ್ಲಿ ಅದೇ ಹುಡುಗಿ ಹರ್ಟ್‌ಫರ್ಡ್, ಹೆರೆಫರ್ಡ್, ಹ್ಯಾಂಪ್‌ಶೈರ್ ಅಂತ ಮೂರು "ಹ"ಗಳನ್ನು ಮೇಷ್ಟ್ರ ಮುಖದ ಮೇಲೇ ಎಸೆಯುತ್ತಾಳೆ. ಒಂದು ರೆಕಾರ್ಡಿನ ಒಳಗೆ ಒಂದು ಅಕ್ಷರ ಹುಟ್ಟುವುದು ಕೇಳಿಸುತ್ತದೆ. ಒಂದೇ ಗಂಟಲಲ್ಲಿ!

ಈ ಭಾಗ ಇಷ್ಟವಾದರೆ ದಯವಿಟ್ಟು ಸಬ್‌ಸ್ಕ್ರೈಬ್ ಮಾಡಿ. ಸದಸ್ಯರಿಗೆ ಹೇಳುವುದು ಇಷ್ಟು: ಬರುವ ಭಾನುವಾರ ನಮ್ಮ ಆನ್‌ಲೈನ್ ಕೂಟದಲ್ಲಿ ಈ ರೆಕಾರ್ಡನ್ನೇ ಮೊದಲಿಂದ ಕೊನೆಯವರೆಗೆ ಒಟ್ಟಿಗೆ ಕೇಳುತ್ತೇವೆ. ಕಾಫಿ ಮಾಡಿಕೊಂಡು ಬನ್ನಿ. ಮಧ್ಯೆ ಯಾರೂ ಮಾತಾಡಬೇಡಿ.

ಸರಿ, ಸಿನಿಮಾಕ್ಕೆ ಬರೋಣ. 1964. ಎಲೈಜಾ ಪಾತ್ರಕ್ಕೆ ಸಿನಿಮಾದವರು ಜೂಲಿ ಆಂಡ್ರೂಸ್ ಅವರನ್ನು ಬೇಡ ಅಂದರು. ಆಡ್ರೀ ಹೆಪ್‌ಬರ್ನ್ ಬಂದರು. ನೋಡಲು ಎಷ್ಟು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡುಗಳಲ್ಲಿ ಬಹುಪಾಲು ಹಾಡಿದವರು ಮಾರ್ನಿ ನಿಕ್ಸನ್, ಅದೂ ಸಿನಿಮಾದಲ್ಲಿ ಅವರ ಹೆಸರೂ ಹಾಕದೆ. ನಾನು ಹೇಳಿದ ಆ "ಜಸ್ಟ್ ಯು ವೇಟ್" ಇದೆಯಲ್ಲ, ಅದರಲ್ಲಿ ಸ್ವಲ್ಪ ಹೆಪ್‌ಬರ್ನ್ ದನಿ, ಸ್ವಲ್ಪ ನಿಕ್ಸನ್ ದನಿ. ಒಂದು ಹುಡುಗಿ ಮಾತು ಕಲಿಯುವ ಕಥೆ ಇದು ರೀ! ಇಡೀ ಕಥೆಯೇ ಅವಳ ಬಾಯಿಯದ್ದು. ಆ ಬಾಯಿಗೆ ಇನ್ನೊಬ್ಬರ ದನಿ ಹಚ್ಚಿದರೆ ಉಳಿದದ್ದೇನು? ಎಲೈಜಾಳನ್ನು ಮೆಚ್ಚುವ ಹುಡುಗ ಫ್ರೆಡ್ಡಿ ಪಾತ್ರದ್ದೂ ಹಾಗೇ. ಮುಖ ಜೆರೆಮಿ ಬ್ರೆಟ್, ಹಾಡು ಬಿಲ್ ಶರ್ಲಿ.

"ಹ್ಯಾರಿಸನ್ ಸಿನಿಮಾದಲ್ಲಿ ಕ್ಯಾಮೆರಾ ಮುಂದೆಯೇ ನೇರವಾಗಿ ಹಾಡಿದ್ದಾರೆ, ಟೈಯಲ್ಲಿ ಮೈಕ್ ಅಡಗಿಸಿಕೊಂಡು" ಅನ್ನುತ್ತೀರಾ? ಹೌದು, ನಿಜ. ಒಬ್ಬರು ನೇರವಾಗಿ ಹಾಡಿದರು, ಎದುರಿಗಿದ್ದವರು ತುಟಿ ಆಡಿಸಿದರು. ಇದು ವಾದ ಆಯಿತಾ?

"ಎಂಟು ಆಸ್ಕರ್ ಬಂದಿದೆ." ಬಂದಿದೆ. ಆ ವರ್ಷ ಅತ್ಯುತ್ತಮ ನಟಿ ಯಾರು ಹೇಳಿ? ಜೂಲಿ ಆಂಡ್ರೂಸ್, ಮೇರಿ ಪಾಪಿನ್ಸ್ ಅನ್ನುವ ಇನ್ನೊಂದು ಸಿನಿಮಾಕ್ಕೆ. ಮುಂದಿನ ಪ್ರಶ್ನೆ.

ಇನ್ನೊಂದು ಗುಂಪು ಇದೆ, ಇವರು ತಿಳಿದವರು. ಇವರ ಜೊತೆ ನನ್ನ ಜಗಳ ಇನ್ನೂ ಜಾಸ್ತಿ. "1959ರದ್ದು ಕೇಳಿ. ಅದೇ ಹ್ಯಾರಿಸನ್, ಅದೇ ಆಂಡ್ರೂಸ್, ಎಲೈಜಾಳ ಅಪ್ಪನಾಗಿ ಅದೇ ಸ್ಟಾನ್ಲಿ ಹಾಲೋವೇ, ಮೇಲೆ ಸ್ಟೀರಿಯೋ." ಹೌದು, 1958ರಲ್ಲಿ ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದವು. ಅಷ್ಟರಲ್ಲಿ ನಾಟಕ ಲಂಡನ್ನಿಗೂ ಹೋಗಿತ್ತು. ಅದೇ ನಟರನ್ನು ಕೂರಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಿದರು. ಒಂದು ಕಡೆ ಪಿಟೀಲು, ಇನ್ನೊಂದು ಕಡೆ ಕಹಳೆ, ಎಲ್ಲ ಇದೆ. ಆದರೆ ಹ್ಯಾರಿಸನ್ ಕೇಳಿ. ಹೆದರಿಕೆ ಹೋಗಿದೆ. ಯಾವ ಪದಕ್ಕೆ ಜನ ನಗುತ್ತಾರೆ ಅಂತ ಗೊತ್ತಾಗಿ ಆ ಪದವನ್ನು ಎಳೆಯುತ್ತಾರೆ. ಅಲ್ಲಿರುವುದು ಸಾವಿರದ ದಿನ. ನನಗೆ ಬೇಕಾಗಿರುವುದು ಹತ್ತನೇ ದಿನ!

ಮೋನೋ ಅಂದರೆ ಒಂದೇ ಕಡೆಯಿಂದ ಬರುವ ದನಿ, ಅಷ್ಟೇ ಅಲ್ವಾ? ಮನೆಯಲ್ಲಿ ಅಮ್ಮ ಅಡುಗೆಮನೆಯಿಂದ ಕರೆದರೆ ಎರಡು ಕಡೆಯಿಂದ ಕೇಳಿಸುತ್ತದಾ? ಒಂದೇ ಕಡೆಯಿಂದ. ಆದರೂ ಎದ್ದು ಹೋಗುತ್ತೀರಿ.

ನನ್ನ ಪ್ರತಿ ತೋರಿಸುತ್ತೇನೆ, ನೋಡಿ. ಸಂಡೇ ಬಜಾರಿನಲ್ಲಿ ಹಳೇ ಕುಕ್ಕರ್‌ಗಳ ಪಕ್ಕ ಬಿದ್ದಿತ್ತು. ಮೂಲೆ ಹರಿದಿದೆ. ಹೊದಿಕೆಯ ಚಿತ್ರ ಅಲ್ ಹರ್ಷ್‌ಫೆಲ್ಡ್ ಬರೆದದ್ದು. ಮೋಡದ ಮೇಲೆ ಗಡ್ಡದ ಬರ್ನಾರ್ಡ್ ಶಾ ಕೂತು ಹಿಗಿನ್ಸ್‌ನ ದಾರ ಎಳೆಯುತ್ತಾರೆ, ಹಿಗಿನ್ಸ್ ಎಲೈಜಾಳ ದಾರ ಎಳೆಯುತ್ತಾನೆ. ಶಾ ಅವರ ಪಿಗ್ಮೇಲಿಯನ್ ನಾಟಕದಿಂದ ಹುಟ್ಟಿದ್ದಲ್ವಾ ಇದು, ಅದಕ್ಕೇ. ನನಗೆ ಡಿಗ್ರಿಯಲ್ಲಿ ಅದು ಪಠ್ಯವಾಗಿತ್ತು. ನೋಟ್ಸ್ ಓದಿ ಪಾಸಾದೆ. ಎಲೈಜಾ ನಿಜವಾಗಿ ಸಿಕ್ಕಿದ್ದು ಈ ಹರಿದ ಹೊದಿಕೆಯ ಒಳಗೆ.

ಹಾಲೋವೇ ಬಗ್ಗೆ ಹೇಳಲೇ ಇಲ್ಲ! 65 ವರ್ಷ ಅವರಿಗೆ ಆಗ, ಲಂಡನ್ನಿನ ಮ್ಯೂಸಿಕ್ ಹಾಲ್‌ಗಳಲ್ಲಿ, ಅಂದರೆ ಹಾಡು-ಹಾಸ್ಯದ ರಂಗಗಳಲ್ಲಿ ಪಳಗಿದವರು. "ಗೆಟ್ ಮಿ ಟು ದ ಚರ್ಚ್ ಆನ್ ಟೈಮ್" ಬಂದರೆ ನಾನು ಪಾತ್ರೆ ತೊಳೆಯುತ್ತಿದ್ದರೂ ಕುಣಿಯುತ್ತೇನೆ. ಅದಕ್ಕೆ ಕಾರಣ ಕೊಡಬೇಕಾ? ಕೊಡಲ್ಲ. ಕೇಳಿ, ಗೊತ್ತಾಗುತ್ತದೆ.

ಇನ್ನೂ ಎರಡು ಪುಟ ಬರೆದುಕೊಂಡಿದ್ದೆ. ವಾದ್ಯಗಳನ್ನು ಜೋಡಿಸಿದ ರಾಬರ್ಟ್ ರಸೆಲ್ ಬೆನೆಟ್ ಬಗ್ಗೆ, ಹಾಡು ಬರೆದ ಲರ್ನರ್ ಮತ್ತು ರಾಗ ಹಾಕಿದ ಲೋ ಬಗ್ಗೆ. ಬಿಡಿ, ಇನ್ನೊಂದು ಸಂಚಿಕೆ ಮಾಡೋಣ. ನಾನು ಹೇಳಬೇಕಾದ್ದು ಅದಲ್ಲ. ಹತ್ತು ದಿನ ರೀ. ಹತ್ತೇ ದಿನ. ಅದು ಇನ್ನೊಮ್ಮೆ ಬರಲ್ಲ. ಅದೇ ನಟರನ್ನು ಕರೆದರೂ ಬರಲಿಲ್ಲ, ಕೋಟಿ ಸುರಿದು ಸಿನಿಮಾ ತೆಗೆದರೂ ಬರಲಿಲ್ಲ.

ಕಾಮೆಂಟ್ ಹಾಕಿದವರೇ, ನಿಮ್ಮ ಮೇಲೆ ಕೋಪ ಇಲ್ಲ. ಇವತ್ತು ರಾತ್ರಿ ಊಟ ಆದಮೇಲೆ 1956 ಅಂತ ನೋಡಿ ಹಾಕಿ. ಮೊದಲು "ಜಸ್ಟ್ ಯು ವೇಟ್", ಆಮೇಲೆ "ವಿದೌಟ್ ಯು". ಆ "ಹ" ಕೇಳಿಸಿತಾ ಇಲ್ಲವಾ ಅಂತ ಕೆಳಗೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.