ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳು ಮತ್ತು ನರಕೋಶಗಳ ನಂಟು

ಎಲ್ಲರಿಗೂ ನಮಸ್ಕಾರ.

ನರಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಗೊತ್ತಾ? ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಒಳಗೆ ಬಂದದ್ದನ್ನು ಕೋಶ ಬಿಡದೆ ಹೊರಗೆ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಸ್ವಲ್ಪ ಕ್ಯಾಲ್ಸಿಯಂ ಒಳಗೆ ಬಂದರೂ ಅದು ದೊಡ್ಡ ಸುದ್ದಿಯೇ. ಆದರೆ ಆ ಸುದ್ದಿಯಿಂದ ಏನಾಗಬೇಕು ಎನ್ನುವುದನ್ನು ತೀರ್ಮಾನಿಸುವುದು ಕ್ಯಾಲ್ಸಿಯಂ ಅಲ್ಲ, ಅದನ್ನು ಹಿಡಿದುಕೊಳ್ಳುವ ಪ್ರೋಟೀನು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಹಿಡಿದುಕೊಳ್ಳುವುದು ಅಂದರೆ ಹೇಗೆ? ಬಲಗೈ ಎತ್ತಿ. ತೋರುಬೆರಳು ಮತ್ತು ಹೆಬ್ಬೆರಳನ್ನು ಚಾಚಿ, ಮಧ್ಯದ ಬೆರಳನ್ನು ಮಡಚಿ. ಚಾಚಿದ ಬೆರಳುಗಳು ಪ್ರೋಟೀನಿನ ಎರಡು ಸುರುಳಿಗಳು. ಮಡಚಿದ ಬೆರಳಿನ ಜಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. 1973ರಲ್ಲಿ ರಾಬರ್ಟ್ ಕ್ರೆಟ್ಸಿಂಗರ್ ಅವರು ಕಾರ್ಪ್ ಮೀನಿನ ಸ್ನಾಯುವಿನ ಪ್ರೋಟೀನಿನಲ್ಲಿ ಈ ಆಕಾರವನ್ನು ವಿವರಿಸಿದರು. ಇದಕ್ಕೆ ಇಎಫ್-ಹ್ಯಾಂಡ್ ಎಂದು ಹೆಸರು. ನಮ್ಮ ಮಿದುಳಿನಲ್ಲಿ ಧಾರಾಳವಾಗಿರುವ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಇಂಥ ನಾಲ್ಕು ಕೈಗಳಿವೆ.

ಈಗ ಬೆಳೆಯುತ್ತಿರುವ ನರತಂತುವನ್ನು ನೋಡೋಣ. ಅದರ ತುದಿಯ ಹೆಸರು ಗ್ರೋತ್ ಕೋನ್. 1890ರಲ್ಲಿ ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಇದನ್ನು ವಿವರಿಸಿದರು. ಸಣ್ಣ ಎಳೆಗಳನ್ನು ಚಾಚಿ, ಹಿಂದಕ್ಕೆ ಎಳೆದುಕೊಂಡು, ಅದು ದಾರಿ ತಡಕುತ್ತಾ ಸಾಗುತ್ತದೆ. ಅದರ ಒಂದು ಬದಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿ ಏರಿದರೆ ಕ್ಯಾಮ್‌ಕೆ-2 ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ, ತುದಿ ಆ ಕಡೆಗೇ ತಿರುಗುತ್ತದೆ. ಸ್ವಲ್ಪವೇ ಏರಿದರೆ ಕ್ಯಾಲ್ಸಿನ್ಯೂರಿನ್ ಎಂಬ ಇನ್ನೊಂದು ಕಿಣ್ವ ಮೇಲುಗೈ ಪಡೆಯುತ್ತದೆ, ತುದಿ ಆ ಕಡೆಯಿಂದ ದೂರ ಸರಿಯುತ್ತದೆ. ಎರಡನ್ನೂ ಎಬ್ಬಿಸುವುದು ಅದೇ ಕ್ಯಾಲ್ಮಾಡ್ಯುಲಿನ್! ನನಗೆ ಈ ಇಡೀ ವಿಷಯದಲ್ಲಿ ಅತಿ ಸುಂದರವಾಗಿ ಕಾಣುವುದು ಇದೇ.

ಗುರಿ ಮುಟ್ಟಿದ ಮೇಲೆ ಅಂಟಿಕೊಳ್ಳಬೇಕಲ್ವಾ? ಆ ಕೆಲಸಕ್ಕೆ ಕ್ಯಾಡೆರಿನ್ ಎಂಬ ಪ್ರೋಟೀನುಗಳಿವೆ. ಇವು ಹಿಡಿಯುವುದು ಕೋಶದ ಹೊರಗಿನ ಕ್ಯಾಲ್ಸಿಯಂ ಅನ್ನು. ಇವುಗಳ ಸುಳಿವು ಸಿಕ್ಕಿದ್ದು ಜಪಾನಿನ ಮಸಾತೋಶಿ ತಾಕೇಯಿಚಿ ಅವರಿಗೆ, 1970ರ ದಶಕದಲ್ಲಿ. ಕೋಶಗಳನ್ನು ಬಿಡಿಸಲು ಅವರು ಪ್ರೋಟೀನು ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವ ಬಳಸುತ್ತಿದ್ದರು. ಕ್ಯಾಲ್ಸಿಯಂ ಜೊತೆ ಟ್ರಿಪ್ಸಿನ್ ಹಾಕಿದಾಗ ಕೋಶಗಳು ಮತ್ತೆ ಅಂಟಿಕೊಳ್ಳುತ್ತಿದ್ದವು. ಕ್ಯಾಲ್ಸಿಯಂ ಇಲ್ಲದೆ ಹಾಕಿದರೆ ಆ ಶಕ್ತಿ ಹೋಗಿಬಿಡುತ್ತಿತ್ತು. ಅಂದರೆ ಕ್ಯಾಲ್ಸಿಯಂ ಕೂತಿರುವಾಗ ಆ ಪ್ರೋಟೀನು ಗಟ್ಟಿಯಾಗಿರುತ್ತದೆ, ಟ್ರಿಪ್ಸಿನ್‌ಗೆ ಕತ್ತರಿಸಲು ಸಿಗುವುದಿಲ್ಲ. ಕ್ಯಾಡೆರಿನ್ ಕುಟುಂಬದ ಎನ್-ಕ್ಯಾಡೆರಿನ್ ಸಿನಾಪ್ಸಿನ, ಅಂದರೆ ಎರಡು ನರಕೋಶಗಳು ಸಂಧಿಸುವ ಜಾಗದ, ಎರಡೂ ದಡಗಳಲ್ಲಿದೆ.

ಸಿನಾಪ್ಸಿನಲ್ಲಿ ರಾಸಾಯನಿಕ ಸಂದೇಶ ಹೊರಬೀಳಲು ಕ್ಯಾಲ್ಸಿಯಂ ಬಂದದ್ದನ್ನು ಗುರುತಿಸುವುದು ಸಿನಾಪ್ಟೋಟ್ಯಾಗ್ಮಿನ್ ಎಂಬ ಪ್ರೋಟೀನು. ಇದನ್ನು ತೋರಿಸಿಕೊಟ್ಟ ಥಾಮಸ್ ಸ್ಯೂಡೋಫ್ 2013ರ ನೊಬೆಲ್ ಪುರಸ್ಕೃತರಲ್ಲಿ ಒಬ್ಬರು. ಸಿನಾಪ್ಸಿನ ಆ ನಂಟು ಬಲಗೊಳ್ಳಲು ಮತ್ತೆ ಕ್ಯಾಮ್‌ಕೆ-2 ಬೇಕು. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಈ ಕಿಣ್ವದ 286ನೇ ಅಮೈನೋ ಆಮ್ಲವನ್ನು ಮಾತ್ರ ಬದಲಿಸಿದ್ದರು. ಅಷ್ಟಕ್ಕೇ ಆ ಇಲಿಗಳಿಗೆ ಜಾಗ ನೆನಪಿಟ್ಟುಕೊಂಡು ದಾರಿ ಕಲಿಯುವುದು ಕಷ್ಟವಾಯಿತು.

ನಮ್ಮ ಬೆಂಗಳೂರಿನ ಕೆಲಸವನ್ನೂ ಹೇಳಲೇಬೇಕು. ಇಲ್ಲಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಗೈತಿ ಹಸನ್ ಅವರ ಪ್ರಯೋಗಾಲಯ ಹಣ್ಣಿನ ನೊಣಗಳಲ್ಲಿ ಸ್ಟಿಮ್ ಎಂಬ ಪ್ರೋಟೀನನ್ನು ಅಧ್ಯಯನ ಮಾಡಿದೆ. ಇದಕ್ಕೂ ಇಎಫ್-ಹ್ಯಾಂಡ್ ಇದೆ. ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನು ಖಾಲಿಯಾದರೆ ಇದು ತಿಳಿದುಕೊಂಡು, ಕೋಶದ ಹೊರಪೊರೆಯ ಒರಾಯ್ ಬಾಗಿಲು ತೆರೆಸುತ್ತದೆ. ನರಕೋಶಗಳಲ್ಲಿ ಸ್ಟಿಮ್ ಅಥವಾ ಒರಾಯ್ ಕಡಿಮೆ ಮಾಡಿದಾಗ ನೊಣಗಳ ಹಾರಾಟ ಕೆಟ್ಟಿತು, ಹಾರಾಟದ ನರಕೋಶಗಳ ಲಯವೂ ತಪ್ಪಿತು. ಇದು 2009ರಲ್ಲಿ ಪ್ರಕಟವಾಯಿತು. ಮುಂದಿನ ಕೆಲಸದಲ್ಲಿ ತಿಳಿದದ್ದು, ಈ ಕ್ಯಾಲ್ಸಿಯಂ ಮುಖ್ಯವಾಗಿ ಬೇಕಾಗುವುದು ಪ್ಯೂಪಾ ಹಂತದಲ್ಲಿ, ಅಂದರೆ ಹುಳು ನೊಣವಾಗಿ ಮಾರ್ಪಡುವ ಹಂತದಲ್ಲಿ ಎಂದು. ಹಾರಾಟದ ನರಜಾಲ ರೂಪುಗೊಳ್ಳುವುದೂ ಆಗಲೇ.